ವ್ಯಾಪಾರ ಬಳಗಗಳು: ಗಡಿನಾಡಿನ ಸಣ್ಣ ಉದ್ಯಮಿಗೆ ಲಾಭವೆಷ್ಟು, ಎಚ್ಚರವೇನು?

ಕಾಸರಗೋಡಿನ ಅಡಿಕೆ ವರ್ತಕರಿಂದ ಸೋಲಾಪುರದ ಟವೆಲ್ ತಯಾರಕರವರೆಗೆ, ಹೊಸೂರಿನ ಲೇತ್ ವರ್ಕ್‌ಶಾಪಿನಿಂದ ಆದೋನಿಯ ಹತ್ತಿ ಅಡತಿ ಅಂಗಡಿಯವರೆಗೆ, ಗಡಿನಾಡಿನ ಸಣ್ಣ ವ್ಯಾಪಾರ ನಡೆಯುವುದು ಬಹುಪಾಲು ಪರಿಚಯದ ಮೇಲೆ. ಜಾಹೀರಾತು ನೋಡಿ ಬರುವ ಗಿರಾಕಿಗಿಂತ "ಅವರು ಹೇಳಿದರು, ಅದಕ್ಕೇ ಬಂದೆ" ಎನ್ನುವ ಗಿರಾಕಿ ಹೆಚ್ಚು ದಿನ ಉಳಿಯುತ್ತಾನೆ ಎಂಬುದು ಅಂಗಡಿ ನಡೆಸಿದವರಿಗೆಲ್ಲ ಗೊತ್ತು. ಈ ಪರಿಚಯವನ್ನು ನಿಯಮ, ಚಂದಾ ಮತ್ತು ಹಾಜರಿ ಪುಸ್ತಕದ ಮೂಲಕ ಬೆಳೆಸುವ ವ್ಯವಸ್ಥೆಯೇ ವ್ಯಾಪಾರ ಬಳಗ. ದೊಡ್ಡ ಊರುಗಳಲ್ಲಿ ಇಂಥ ಗುಂಪುಗಳು ವಾರಕ್ಕೊಮ್ಮೆ ಬೆಳಗಿನ ಉಪಾಹಾರಕ್ಕೆ ಸೇರುತ್ತವೆ. ತಾಲೂಕು ಕೇಂದ್ರಗಳಲ್ಲಿ ವರ್ತಕರ ಸಂಘದ ಹೆಸರಿನಲ್ಲಿ ತಿಂಗಳಿಗೊಮ್ಮೆ ಕೂಡುತ್ತವೆ. ಕೆಲವರಿಗೆ ಇದರಿಂದ ವ್ಯಾಪಾರ ಎರಡು ಪಟ್ಟಾಗಿದೆ. ಕೆಲವರಿಗೆ ವರ್ಷದ ಚಂದಾ ಹೋಗಿ, ಜೇಬು ತುಂಬ ವಿಸಿಟಿಂಗ್ ಕಾರ್ಡ್ ಮಾತ್ರ ಉಳಿದಿದೆ. ಈ ವ್ಯತ್ಯಾಸಕ್ಕೆ ಕಾರಣವೇನು, ಗಡಿಯಲ್ಲಿ ಇರುವವರು ವಿಶೇಷವಾಗಿ ಏನನ್ನು ಗಮನಿಸಬೇಕು ಎಂಬುದರ ವಿವರ ಇಲ್ಲಿದೆ.

ವ್ಯಾಪಾರ ಬಳಗ ಎಂದರೇನು?

ಬೇರೆ ಬೇರೆ ಕಸುಬಿನವರು ನಿಗದಿತ ದಿನ ಒಂದೆಡೆ ಸೇರಿ ಒಬ್ಬರ ಕೆಲಸವನ್ನು ಇನ್ನೊಬ್ಬರು ತಿಳಿದುಕೊಂಡು, ತಮಗೆ ಗೊತ್ತಿರುವ ಗಿರಾಕಿಗಳನ್ನು ಪರಸ್ಪರ ಶಿಫಾರಸು ಮಾಡುವ ಗುಂಪನ್ನು ವ್ಯಾಪಾರ ಬಳಗ ಎನ್ನಬಹುದು. ಇಂಗ್ಲಿಷಿನ ಬಿಸಿನೆಸ್ ನೆಟ್‌ವರ್ಕಿಂಗ್ ಎಂಬ ಹೆಸರು ಹೊಸದಾದರೂ ಕೆಲಸ ಹಳೆಯದು. ಮನೆ ಕಟ್ಟಿಸುವವನಿಗೆ ಗಾರೆಯವನು ಬಡಗಿಯನ್ನು ಹೇಳುತ್ತಾನೆ, ಬಡಗಿ ಬಣ್ಣದವನನ್ನು ಕರೆತರುತ್ತಾನೆ. ಬಳಗದಲ್ಲಿ ಇದೇ ಕೆಲಸ ಲೆಕ್ಕಪತ್ರದೊಡನೆ ನಡೆಯುತ್ತದೆ.

ಒಂದು ತಪ್ಪು ತಿಳಿವಳಿಕೆಯನ್ನು ಮೊದಲೇ ಬಿಡಬೇಕು. ಬಳಗದ ಸದಸ್ಯರು ತಾವೇ ಗಿರಾಕಿಗಳಲ್ಲ. ಮೂವತ್ತು ಜನರ ಗುಂಪಿನಲ್ಲಿ ಮೂವತ್ತು ಜನರಿಗೂ ಟವೆಲ್ ಮಾರಲು ಹೊರಟರೆ ಎರಡು ತಿಂಗಳಲ್ಲಿ ವ್ಯಾಪಾರ ಮುಗಿಯುತ್ತದೆ. ಆ ಮೂವತ್ತು ಜನರಿಗೆ ಗೊತ್ತಿರುವ ನೂರಾರು ಮಂದಿ ನಿಜವಾದ ಗಿರಾಕಿಗಳು. ಬಳಗದಿಂದ ಲಾಭ ಪಡೆದವರೆಲ್ಲ ಈ ಒಂದು ಮಾತನ್ನು ಅರ್ಥ ಮಾಡಿಕೊಂಡವರೇ.

ಐನೂರ್ವರಿಂದ ರೋಟರಿಯವರೆಗೆ

ಭಾಷೆಯ ಗಡಿ ದಾಟಿದ ವ್ಯಾಪಾರ ಬಳಗಕ್ಕೆ ಕನ್ನಡ ನಾಡಿನಲ್ಲೇ ದೊಡ್ಡ ಉದಾಹರಣೆಯಿದೆ. ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ಎಂಬ ವರ್ತಕರ ಸಂಘ 10ರಿಂದ 13ನೇ ಶತಮಾನದ ಅವಧಿಯಲ್ಲಿ ದಕ್ಷಿಣ ಭಾರತದ ಉದ್ದಗಲಕ್ಕೂ ವ್ಯವಹರಿಸುತ್ತಿತ್ತು. ಅವರ ಶಾಸನಗಳು ಕನ್ನಡ, ತಮಿಳು, ತೆಲುಗು ಮೂರೂ ಭಾಷೆಗಳಲ್ಲಿ ಸಿಗುತ್ತವೆ. ಇಂಡೋನೇಷ್ಯಾದ ಸುಮಾತ್ರಾ ದ್ವೀಪದಲ್ಲಿ ಸಿಕ್ಕಿರುವ 1088ರ ತಮಿಳು ಶಾಸನವೊಂದರಲ್ಲೂ ಐನೂರ್ವರ ಹೆಸರಿದೆ. ತಮ್ಮದೇ ಕಟ್ಟುಪಾಡು ಇಟ್ಟುಕೊಂಡಿದ್ದ ಈ ವರ್ತಕರು ದೇವಾಲಯಗಳಿಗೆ ತಮ್ಮ ಸರಕಿನ ಮೇಲೆ ಇಂತಿಷ್ಟು ಎಂದು ದತ್ತಿ ಬಿಡುತ್ತಿದ್ದರು. ಬೇರೆ ಬೇರೆ ಭಾಷೆಗಳಲ್ಲಿ ಶಾಸನ ಹಾಕಿಸುತ್ತಿದ್ದರು ಎಂಬುದು ಇಂದಿನ ಗಡಿನಾಡಿನ ವ್ಯಾಪಾರಿಗೂ ಪಾಠವೇ.

ಈಗಿನ ಮಾದರಿಯ ವಾಣಿಜ್ಯ ಮಂಡಳಿಗಳು ಬ್ರಿಟಿಷರ ಕಾಲದಲ್ಲಿ ಬಂದವು. ಮದ್ರಾಸ್ ಮತ್ತು ಬಾಂಬೆ ಚೇಂಬರ್‌ಗಳು ಎರಡೂ 1836ರಲ್ಲಿ ಹುಟ್ಟಿದವು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1916ರಲ್ಲಿ ಮೈಸೂರು ಚೇಂಬರ್ ಆಫ್ ಕಾಮರ್ಸ್ ಆರಂಭವಾಯಿತು. ಅದೇ ಇಂದಿನ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆ.

"ಒಂದು ಕಸುಬಿಗೆ ಒಬ್ಬನೇ ಸದಸ್ಯ" ಎಂಬ ಪದ್ಧತಿಯನ್ನು ಪ್ರಸಿದ್ಧಗೊಳಿಸಿದ್ದು ರೋಟರಿ. 1905ರ ಫೆಬ್ರವರಿ 23ರಂದು ಅಮೆರಿಕದ ಶಿಕಾಗೋದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರ್ ಮತ್ತು ಒಬ್ಬ ದರ್ಜಿಯೊಂದಿಗೆ ಮೊದಲ ಸಭೆ ನಡೆಸಿದರು. ಸಭೆ ಸರದಿಯ ಮೇಲೆ ಒಬ್ಬೊಬ್ಬರ ಕಚೇರಿಯಲ್ಲಿ ನಡೆಯುತ್ತಿದ್ದುದರಿಂದ ರೋಟರಿ ಎಂಬ ಹೆಸರು ಬಂತು. ಮೊದಮೊದಲು ಸದಸ್ಯರು ಪರಸ್ಪರ ವ್ಯಾಪಾರ ಕೊಡುವುದು ಅಲ್ಲಿ ಸಾಮಾನ್ಯವಾಗಿತ್ತು. ಕೆಲವೇ ವರ್ಷಗಳಲ್ಲಿ ಸಂಸ್ಥೆ ಸಮಾಜಸೇವೆಯ ಕಡೆ ಹೊರಳಿತು.

ಶಿಫಾರಸನ್ನೇ ಮುಖ್ಯ ಗುರಿಯಾಗಿಟ್ಟುಕೊಂಡ ಬಿಎನ್‌ಐ ಎಂಬ ಸಂಸ್ಥೆಯನ್ನು 1985ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಐವನ್ ಮಿಸ್ನರ್ ಸ್ಥಾಪಿಸಿದರು. ವಾರಕ್ಕೊಂದು ಸಭೆ, ಒಂದು ಶಾಖೆಯಲ್ಲಿ ಒಂದು ಕಸುಬಿಗೆ ಒಬ್ಬನೇ, ಪ್ರತಿಯೊಬ್ಬರಿಗೂ ಚುಟುಕಾಗಿ ಪರಿಚಯ ಹೇಳಿಕೊಳ್ಳುವ ಅವಕಾಶ, ಕೊಟ್ಟವನಿಗೇ ಸಿಗುತ್ತದೆ ಎಂಬ ಧ್ಯೇಯ ಇದರ ವೈಶಿಷ್ಟ್ಯ. ಭಾರತದ ಹಲವು ನಗರಗಳಲ್ಲಿ ಇದರ ಶಾಖೆಗಳಿವೆ.

ಗುಂಪುಗಳ ಬಗೆಗಳು

ಎಲ್ಲ ಗುಂಪಿನ ಕೆಲಸವೂ ಒಂದೇ ಅಲ್ಲ. ಬೇಕಾದ್ದು ಯಾವುದು ಎಂದು ತಿಳಿಯದೆ ಸೇರುವುದೇ ನಿರಾಶೆಯ ಮೊದಲ ಕಾರಣ.

ಶಿಫಾರಸು ಗುಂಪು: ಗಿರಾಕಿಯನ್ನು ಕಳುಹಿಸುವುದೇ ಕೆಲಸ. ಚಂದಾ ಹೆಚ್ಚು, ಹಾಜರಿ ಕಟ್ಟುನಿಟ್ಟು. ಕಟ್ಟಡ ಕಂಟ್ರಾಕ್ಟರ್, ಪ್ರಿಂಟಿಂಗ್ ಪ್ರೆಸ್, ಲೆಕ್ಕ ಪರಿಶೋಧಕ, ವಿಮಾ ಏಜೆಂಟ್, ಛಾಯಾಗ್ರಾಹಕ, ಅಡುಗೆ ಕಂಟ್ರಾಕ್ಟರ್ ಮುಂತಾದ ಕಸುಬಿನವರಿಗೆ ಹೆಚ್ಚು ಹೊಂದುತ್ತದೆ. ಹಳ್ಳಿಯ ಕಿರಾಣಿ ಅಂಗಡಿಗೆ ಅಷ್ಟಾಗಿ ಹೊಂದದು. ಏಕೆಂದರೆ ಹತ್ತು ಕಿಲೋಮೀಟರ್ ಆಚೆಯಿಂದ ಯಾರೂ ಉಪ್ಪು, ಸಕ್ಕರೆಗೆ ಬರುವುದಿಲ್ಲ.

ವರ್ತಕರ ಸಂಘ ಮತ್ತು ಚೇಂಬರ್: ತೆರಿಗೆ, ಪುರಸಭೆ, ಮಾರುಕಟ್ಟೆ ಸಮಿತಿ, ಪೊಲೀಸ್ ಇಲಾಖೆಗಳೊಡನೆ ಮಾತುಕತೆಗೆ ಇವು ಬೇಕು. ಗಿರಾಕಿಯನ್ನು ನೇರವಾಗಿ ಕೊಡುವುದಿಲ್ಲ. ಆದರೆ ಹೊಸ ನಿಯಮ ಬಂದಾಗ ಮೊದಲು ತಿಳಿಯುವುದು ಇಲ್ಲಿಯೇ.

ಒಂದೇ ಕಸುಬಿನ ಕೈಗಾರಿಕಾ ಸಂಘ: ಹೊಸೂರಿನಲ್ಲಿ ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್‌ನಂಥ ದೊಡ್ಡ ಕಾರ್ಖಾನೆಗಳ ಸುತ್ತ ಬಿಡಿಭಾಗ ಮಾಡುವ ಸಣ್ಣ ಘಟಕಗಳು ಬೆಳೆದಿವೆ. ಅಲ್ಲಿನ ಸಣ್ಣ ಮತ್ತು ಅತಿಸಣ್ಣ ಕೈಗಾರಿಕೆಗಳಿಗೆ ತಮ್ಮದೇ ಸಂಘವಿದೆ. ಸೋಲಾಪುರದ ಚಾದರ, ಟವೆಲ್ ಮತ್ತು ಶಾಲಾ ಸಮವಸ್ತ್ರ ತಯಾರಕರು, ರಾಯದುರ್ಗದ ಸಿದ್ಧ ಉಡುಪಿನವರು ಕೂಡ ಒಂದೇ ಕಸುಬಿನವರು ಒಂದೇ ಊರಲ್ಲಿ ನೆಲೆಸಿರುವುದಕ್ಕೆ ಉದಾಹರಣೆ. ಇಲ್ಲಿ ಪಕ್ಕದವನು ಪ್ರತಿಸ್ಪರ್ಧಿಯೂ ಹೌದು, ದೊಡ್ಡ ಆರ್ಡರ್ ಬಂದಾಗ ಹಂಚಿಕೊಳ್ಳುವ ಪಾಲುದಾರನೂ ಹೌದು.

ಸಹಕಾರ ಸಂಘ: ಗಡಿ ದಾಟಿ ನಿಂತ ಸಂಘಟನೆಗೆ ಕ್ಯಾಂಪ್ಕೋ ಒಳ್ಳೆಯ ಮಾದರಿ. ಅಡಿಕೆ ಬೆಲೆ ಕುಸಿದು ಬೆಳೆಗಾರರು ಕಂಗೆಟ್ಟಿದ್ದ ಕಾಲದಲ್ಲಿ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳ ಬೆಳೆಗಾರರನ್ನು ಸೇರಿಸಿ ಮಂಗಳೂರಿನಲ್ಲಿ ಇದು ಆರಂಭವಾಯಿತು. ಮುಂದೆ ಕೋಕೋ ಕೊಳ್ಳಲು ಆರಂಭಿಸಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಕಟ್ಟಿತು. ಒಬ್ಬೊಬ್ಬ ಬೆಳೆಗಾರನಿಗೆ ಸಿಗದ ಚೌಕಾಸಿಯ ಶಕ್ತಿ ಗುಂಪಿಗೆ ಸಿಕ್ಕಿತು.

ಮಹಿಳಾ ಸ್ವಸಹಾಯ ಗುಂಪು: ಕೇರಳದಲ್ಲಿ 1998ರಲ್ಲಿ ಆರಂಭವಾದ ಕುಟುಂಬಶ್ರೀಯ ನೆರೆಕೂಟಗಳು ಕಾಸರಗೋಡು ಮತ್ತು ವಯನಾಡಿನ ಹಳ್ಳಿಗಳಲ್ಲೂ ಇವೆ. ಉಳಿತಾಯ ಮತ್ತು ಸಾಲ ಇವುಗಳ ಮೊದಲ ಕೆಲಸವಾದರೂ ಉಪ್ಪಿನಕಾಯಿ, ಹಪ್ಪಳ, ಹೊಲಿಗೆಯಂಥ ಸಣ್ಣ ಉದ್ಯಮಗಳಿಗೆ ಮಾರುಕಟ್ಟೆ ಸಿಗುವುದೂ ಇದೇ ಜಾಲದಿಂದ.

ದೂರದ ಪರಿಚಯದ ಬೆಲೆ

ಹತ್ತಿರದ ಸ್ನೇಹಿತರಿಗಿಂತ ದೂರದ ಪರಿಚಯದವರಿಂದಲೇ ಹೊಸ ಅವಕಾಶ ಬರುವುದು ಹೆಚ್ಚು ಎಂಬುದನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತೋರಿಸಿದರು. ಬಾಸ್ಟನ್ ಬಳಿಯ ಊರೊಂದರಲ್ಲಿ ಪರಿಚಯಸ್ಥರ ಮೂಲಕ ಕೆಲಸ ಪಡೆದವರನ್ನು ಅವರು ಮಾತನಾಡಿಸಿದರು. ಸುದ್ದಿ ಕೊಟ್ಟವರನ್ನು ಪದೇ ಪದೇ ಭೇಟಿಯಾಗುತ್ತಿದ್ದೆವು ಎಂದವರು ಶೇ. 16.7 ಮಾತ್ರ. ಆಗಾಗ ಭೇಟಿಯಾಗುತ್ತಿದ್ದವರು ಶೇ. 55.6, ಅಪರೂಪಕ್ಕೆ ಭೇಟಿಯಾಗುತ್ತಿದ್ದವರು ಶೇ. 27.8. ಕಾರಣ ಸರಳ. ದಿನಾ ಕಟ್ಟೆಯ ಮೇಲೆ ಕೂಡುವ ಗೆಳೆಯರಿಗೆ ಗೊತ್ತಿರುವುದೆಲ್ಲ ಎಲ್ಲರಿಗೂ ಗೊತ್ತಿರುತ್ತದೆ. ಬೇರೆ ಊರಿನ, ಬೇರೆ ಕಸುಬಿನ ಮನುಷ್ಯ ಮಾತ್ರ ಬೇರೆ ಸುದ್ದಿ ತರುತ್ತಾನೆ.

ಗಡಿನಾಡಿನವರ ಬಲ ಇರುವುದು ಇಲ್ಲಿಯೇ. ಜತ್ತದ ವ್ಯಾಪಾರಿಗೆ ಸಾಂಗ್ಲಿಯ ಮರಾಠಿ ಪೇಟೆಯೂ ಗೊತ್ತು, ವಿಜಯಪುರದ ಕನ್ನಡ ಪೇಟೆಯೂ ಗೊತ್ತು. ತಾಳವಾಡಿಯ ತರಕಾರಿ ಬೆಳೆಗಾರ ಸತ್ಯಮಂಗಲದಲ್ಲಿ ತಮಿಳಿನಲ್ಲೂ ಚಾಮರಾಜನಗರದಲ್ಲಿ ಕನ್ನಡದಲ್ಲೂ ದರ ಕೇಳಬಲ್ಲ. ಎರಡೂ ಕಡೆಯ ಪೇಟೆಗಳಿಗೆ ಪರಸ್ಪರ ಪರಿಚಯ ಇರುವುದಿಲ್ಲ. ನಡುವೆ ಸೇತುವೆಯಾಗಿ ಇರುವವನು ಇವನೊಬ್ಬನೇ. ಆದರೆ ಬಹುತೇಕ ಗಡಿನಾಡಿನವರು ಇದನ್ನು ಬಂಡವಾಳ ಎಂದು ಎಣಿಸುವುದಿಲ್ಲ. ರಾಜ್ಯದ ಸಭೆಯಲ್ಲಿ "ನಮ್ಮ ಭಾಷೆ ಅಷ್ಟು ಚೆನ್ನಾಗಿಲ್ಲ" ಎಂದು ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ಕರ್ನಾಟಕದ ಸಭೆಯಲ್ಲಿ "ನಾವು ಹೊರರಾಜ್ಯದವರು" ಎಂದು ಸುಮ್ಮನಿರುತ್ತಾರೆ. ಹೀಗೆ ಎರಡು ಪಟ್ಟಿಯಲ್ಲೂ ಹೆಸರಿಲ್ಲದೆ ಹೋಗುತ್ತದೆ. ಪರಿಚಯ ಹೇಳಿಕೊಳ್ಳುವಾಗ "ಎರಡೂ ಭಾಷೆಯಲ್ಲಿ ಬಿಲ್, ಕೊಟೇಶನ್, ಮಾತುಕತೆ ಮಾಡಿಕೊಡುತ್ತೇವೆ" ಎಂಬ ಒಂದು ವಾಕ್ಯ ಸೇರಿಸಿದರೆ ಅದೇ ನೂರು ಜನರಲ್ಲಿ ಬೇರೆಯಾಗಿ ನಿಲ್ಲಿಸುತ್ತದೆ.

ಸೇರುವ ಮುನ್ನ ಕೇಳಬೇಕಾದ್ದು

ಹೆಚ್ಚಿನ ಗುಂಪುಗಳು ಹೊಸಬರನ್ನು ಒಂದೆರಡು ಬಾರಿ ಅತಿಥಿಯಾಗಿ ಕರೆಯುತ್ತವೆ. ಆ ಭೇಟಿಯಲ್ಲೇ ಚೆಕ್ ಬರೆದುಕೊಡುವ ಅಗತ್ಯವಿಲ್ಲ. ಈ ಕೆಳಗಿನ ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆ ನಿರ್ಧರಿಸುವುದು ಲೇಸು.

1. ವರ್ಷದ ಚಂದಾ, ಪ್ರವೇಶ ಶುಲ್ಕ, ಪ್ರತಿ ಸಭೆಯ ಊಟ-ತಿಂಡಿಯ ಖರ್ಚು ಸೇರಿ ಒಟ್ಟು ಎಷ್ಟಾಗುತ್ತದೆ? ನಡುವೆ ಬಿಟ್ಟರೆ ಹಣ ಮರಳುತ್ತದೆಯೇ?
2. ಇದೇ ಕಸುಬಿನವರು ಈಗಾಗಲೇ ಎಷ್ಟು ಮಂದಿ ಇದ್ದಾರೆ?
3. ಸದಸ್ಯರ ಗಿರಾಕಿಗಳು ಮತ್ತು ಸೇರುವವನ ಗಿರಾಕಿಗಳು ಒಂದೇ ಬಗೆಯವರೇ? ಮದುವೆ ಅಡುಗೆಯವರಿಗೆ ಶಾಮಿಯಾನದವರು, ಹೂವಿನವರು, ಛಾಯಾಗ್ರಾಹಕರು ಇದ್ದರೆ ಲಾಭ. ಎಲ್ಲರೂ ಯಂತ್ರದ ಬಿಡಿಭಾಗ ಮಾಡುವವರೇ ಆದರೆ ಉಪಯೋಗ ಕಡಿಮೆ.
4. ಕಳೆದ ವರ್ಷ ಸೇರಿದವರಲ್ಲಿ ಈ ವರ್ಷ ಎಷ್ಟು ಮಂದಿ ಮುಂದುವರಿದಿದ್ದಾರೆ? ಬಿಟ್ಟವರು ಏಕೆ ಬಿಟ್ಟರು? ಈ ಉತ್ತರವನ್ನು ಪದಾಧಿಕಾರಿಗಳಿಂದಲ್ಲ, ಬಿಟ್ಟವರಿಂದಲೇ ಕೇಳಬೇಕು.
5. ಸಭೆ ಯಾವ ಭಾಷೆಯಲ್ಲಿ ನಡೆಯುತ್ತದೆ? ಗೊತ್ತಿರುವ ಇನ್ನೊಂದು ಭಾಷೆಯಲ್ಲಿ ಮಾತಾಡಲು ಅವಕಾಶವಿದೆಯೇ?
6. ಬರಲಾಗದ ದಿನ ಬದಲಿಗೆ ಇನ್ನೊಬ್ಬರನ್ನು ಕಳುಹಿಸಬಹುದೇ? ಎಷ್ಟು ಸಭೆ ತಪ್ಪಿದರೆ ಸದಸ್ಯತ್ವ ಹೋಗುತ್ತದೆ?

ಆಮೇಲೆ ಒಂದು ಸರಳ ಲೆಕ್ಕ. ವರ್ಷದ ಒಟ್ಟು ಖರ್ಚು 50,000 ರೂಪಾಯಿ, ವ್ಯಾಪಾರದಲ್ಲಿ ಉಳಿಯುವ ಲಾಭ ನೂರಕ್ಕೆ 10 ಎಂದಿಟ್ಟುಕೊಳ್ಳೋಣ. ಖರ್ಚು ಹುಟ್ಟಬೇಕಾದರೇ 5 ಲಕ್ಷ ರೂಪಾಯಿ ಹೊಸ ವ್ಯಾಪಾರ ಬಳಗದಿಂದ ಬರಬೇಕು. ಲಾಭ ನೂರಕ್ಕೆ 40 ಇರುವ ಕುಶಲಕರ್ಮಿಗೆ 1.25 ಲಕ್ಷ ಸಾಕು. ಇದರೊಡನೆ ಸಮಯವೂ ಇದೆ. ಹೋಗಿಬರುವುದು ಸೇರಿ ವಾರಕ್ಕೆ ಮೂರು ತಾಸು ಎಂದರೆ ಐವತ್ತು ವಾರಕ್ಕೆ 150 ತಾಸು. ಒಬ್ಬನೇ ನಡೆಸುವ ಅಂಗಡಿಯ ಬಾಗಿಲು ಅಷ್ಟು ಹೊತ್ತು ಮುಚ್ಚಿದರೆ ಆಗುವ ನಷ್ಟವನ್ನೂ ಸೇರಿಸಬೇಕು. ಈ ಲೆಕ್ಕ ಹಾಕಿದ ಮೇಲೆ ದುಬಾರಿ ಗುಂಪಿಗಿಂತ ತಾಲೂಕಿನ ವರ್ತಕರ ಸಂಘವೇ ಸಾಕು ಎಂದು ಅನೇಕರಿಗೆ ಅನ್ನಿಸಬಹುದು. ಅದು ತಪ್ಪಲ್ಲ.

ಒಂದು ನಿಮಿಷದ ಮಾತು

ಶಿಫಾರಸು ಗುಂಪುಗಳಲ್ಲಿ ಪ್ರತಿಯೊಬ್ಬರಿಗೂ ಮಾತಾಡಲು ಸಿಗುವುದು ಸುಮಾರು ಒಂದು ನಿಮಿಷ. ಅನೇಕರು ಅದನ್ನು ಹಾಳು ಮಾಡಿಕೊಳ್ಳುವುದು ಎಲ್ಲವನ್ನೂ ಹೇಳಲು ಹೋಗಿ. "ನಮ್ಮಲ್ಲಿ ಎಲ್ಲ ಬಗೆಯ ಬಟ್ಟೆ ಹೊಲಿಯುತ್ತೇವೆ, ಯಾರಾದರೂ ಇದ್ದರೆ ಕಳುಹಿಸಿ" ಎಂದರೆ ಕೇಳಿದವರ ಮನಸ್ಸಿಗೆ ಯಾರ ಮುಖವೂ ಬರುವುದಿಲ್ಲ.

ಇದನ್ನೇ ಹೀಗೆ ಹೇಳಬಹುದು: "ಅಕ್ಕಲಕೋಟ ಮತ್ತು ಇಂಡಿ ತಾಲೂಕಿನ ಖಾಸಗಿ ಶಾಲೆಗಳಿಗೆ ಸಮವಸ್ತ್ರ ಹೊಲಿದು ಕೊಡುತ್ತೇವೆ. ಇನ್ನೂರು ಜೊತೆಗೆ ಇಪ್ಪತ್ತು ದಿನ ಬೇಕು. ಜೂನ್‌ಗೆ ಶಾಲೆ ಶುರುವಾಗುತ್ತದೆ, ಆಡಳಿತ ಮಂಡಳಿಯವರು ಜನವರಿ, ಫೆಬ್ರವರಿಯಲ್ಲೇ ತೀರ್ಮಾನಿಸುತ್ತಾರೆ. ಯಾರಿಗಾದರೂ ಶಾಲೆಯ ಕಾರ್ಯದರ್ಶಿಗಳ ಪರಿಚಯವಿದ್ದರೆ ಒಮ್ಮೆ ಭೇಟಿ ಮಾಡಿಸಿ." ಈ ಮಾತಿನಲ್ಲಿ ಊರಿದೆ, ಅಳತೆಯಿದೆ, ಕಾಲವಿದೆ, ಬೇಕಾದ ಮನುಷ್ಯ ಯಾರೆಂದೂ ಇದೆ. ಕೇಳಿದವರಿಗೆ ತಮ್ಮ ಮಕ್ಕಳ ಶಾಲೆಯ ಕಾರ್ಯದರ್ಶಿ ಥಟ್ಟನೆ ನೆನಪಾಗುತ್ತಾರೆ.

ವಾರವಾರ ಇದೇ ಮಾತನ್ನು ಹೇಳದೆ ಒಂದೊಂದು ವಾರ ಒಂದೊಂದು ಸರಕು, ಒಂದೊಂದು ಬಗೆಯ ಗಿರಾಕಿಯನ್ನು ಹೇಳುವುದು ಒಳ್ಳೆಯದು. ಎದುರಿನವರ ಭಾಷೆಯ ವ್ಯಾಪಾರದ ಮಾತುಗಳನ್ನೂ ಕಲಿತಿರಬೇಕು. ಕನ್ನಡದ ಉದ್ದರಿ ಮರಾಠಿಯಲ್ಲಿ ಉಧಾರಿ, ತೆಲುಗಿನಲ್ಲಿ ಅರುವು, ತಮಿಳಿನಲ್ಲಿ ಕಡನ್, ಮಲಯಾಳದಲ್ಲಿ ಕಡಂ. ಮರಾಠಿಯವರಿಗೆ ಶೇಠ್ ಎಂದೋ, ಮಲಯಾಳದವರಿಗೆ ಚೇಟ್ಟಾ ಎಂದೋ, ತೆಲುಗಿನವರಿಗೆ ಅನ್ನಾ ಎಂದೋ ಕರೆದು ಮಾತು ಆರಂಭಿಸಿದರೆ ಅರ್ಧ ಸಂಕೋಚ ಅಲ್ಲೇ ಕರಗುತ್ತದೆ.

ಸಭೆಗಿಂತ ಹೆಚ್ಚು ಫಲ ಕೊಡುವುದು ಸಭೆಯ ಹೊರಗಿನ ಭೇಟಿ. ವಾರಕ್ಕೊಬ್ಬ ಸದಸ್ಯರ ಅಂಗಡಿಗೋ ಕಾರ್ಖಾನೆಗೋ ಹೋಗಿ ಅರ್ಧ ತಾಸು ಕುಳಿತು, ಅವರ ಕೆಲಸ ಹೇಗೆ ನಡೆಯುತ್ತದೆ, ಎಂಥ ಗಿರಾಕಿ ಬೇಕು, ಎಂಥವರು ಬೇಡ ಎಂದು ಕೇಳಿಕೊಂಡು ಬರಬೇಕು. ಕೆಲಸವನ್ನು ಕಣ್ಣಾರೆ ನೋಡದೆ ಯಾರೂ ಧೈರ್ಯವಾಗಿ ಶಿಫಾರಸು ಮಾಡುವುದಿಲ್ಲ.

ಶಿಫಾರಸು ಕೊಡುವ ಕ್ರಮ

ಬರೀ ಫೋನ್ ನಂಬರ್ ಕೊಡುವುದು ಶಿಫಾರಸಲ್ಲ. ಎದುರಿನವನಿಗೆ ಅಗತ್ಯ ಇದೆಯೇ ಎಂದು ತಿಳಿದು, "ಇಂಥವರು ಫೋನ್ ಮಾಡುತ್ತಾರೆ, ಮಾತಾಡಿ" ಎಂದು ಒಪ್ಪಿಗೆ ಪಡೆದು, ಆಮೇಲೆ ಕೊಡುವುದೇ ಶಿಫಾರಸು. ಒಪ್ಪಿಗೆಯಿಲ್ಲದೆ ನಂಬರ್ ಹಂಚಿದರೆ ಗಿರಾಕಿಗೂ ಸಿಟ್ಟು, ಸದಸ್ಯನಿಗೂ ಅವಮಾನ.

ಶಿಫಾರಸು ಕೊಟ್ಟವನು ತನ್ನ ಹೆಸರನ್ನು ಅಡವಿಟ್ಟಂತೆ. ಬಾವಿಗೆ ಪಂಪ್ ಕೂರಿಸಲು ಬಳಗದವನೊಬ್ಬನನ್ನು ಸೋದರಮಾವನ ಮನೆಗೆ ಕಳುಹಿಸಿ, ಅವನು ಮುಂಗಡ ಪಡೆದು ಹದಿನೈದು ದಿನ ತಲೆ ಹಾಕದಿದ್ದರೆ ಜಗಳ ಆಗುವುದು ಮಾವ-ಅಳಿಯನ ನಡುವೆ. ಹಳ್ಳಿಯಲ್ಲಿ ವ್ಯಾಪಾರ ಮತ್ತು ನೆಂಟಸ್ತಿಕೆ ಬೇರೆ ಬೇರೆ ಅಲ್ಲ. ಆದ್ದರಿಂದ ಮೊದಲು ಸಣ್ಣ ಕೆಲಸ ಕೊಟ್ಟು ನೋಡಿ, ಆಮೇಲೆ ದೊಡ್ಡದಕ್ಕೆ ಹೆಸರು ಹೇಳುವುದು ಜಾಣತನ. ವಾರಕ್ಕೆ ಇಷ್ಟು ಶಿಫಾರಸು ಕೊಡಲೇಬೇಕು ಎಂದು ಗುಂಪು ಒತ್ತಾಯಿಸಿದರೂ ನಂಬಿಕೆ ಇಲ್ಲದವರ ಹೆಸರು ಹೇಳಬಾರದು.

ಶಿಫಾರಸು ಪಡೆದವನಿಗೂ ಮೂರು ಕರ್ತವ್ಯಗಳಿವೆ. ಒಂದು ದಿನದೊಳಗೆ ಗಿರಾಕಿಗೆ ಫೋನ್ ಮಾಡಬೇಕು. ಕೆಲಸ ಒಪ್ಪಲಾಗದಿದ್ದರೆ ಕೂಡಲೇ ಹೇಳಬೇಕು. ವ್ಯಾಪಾರ ಆಯಿತೋ ಇಲ್ಲವೋ ಎಂದು ಕಳುಹಿಸಿದವನಿಗೆ ತಿಳಿಸಬೇಕು. ಈ ಮೂರನೆಯದನ್ನು ಮರೆಯುವವರೇ ಹೆಚ್ಚು. ಒಮ್ಮೆಯೂ ಸುದ್ದಿ ಮರಳದಿದ್ದರೆ ಕಳುಹಿಸುವವನ ಉತ್ಸಾಹ ತಾನಾಗಿ ಆರಿಹೋಗುತ್ತದೆ.

ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಹಾಕಿ, ಯಾರು ಕಳುಹಿಸಿದರು, ಯಾರನ್ನು, ಎಷ್ಟು ವ್ಯಾಪಾರವಾಯಿತು, ಹಣ ಬಂತೇ ಎಂದು ಬರೆದಿಟ್ಟರೆ ವರ್ಷದ ಕೊನೆಗೆ ಸದಸ್ಯತ್ವ ಮುಂದುವರಿಸಬೇಕೇ ಎಂಬುದಕ್ಕೆ ಆ ಪುಸ್ತಕವೇ ಉತ್ತರ ಹೇಳುತ್ತದೆ.

ಗಡಿ ದಾಟುವ ಬಿಲ್

ಒಳನಾಡಿನ ಸದಸ್ಯನಿಗೆ ಇಲ್ಲದ ಒಂದು ತೊಡಕು ಗಡಿನಾಡಿನವರಿಗಿದೆ. ಬಳಗದಿಂದ ಬಂದ ಗಿರಾಕಿಯ ಊರು ಆರು ಕಿಲೋಮೀಟರ್ ದೂರವಿದ್ದರೂ ಬೇರೆ ರಾಜ್ಯದಲ್ಲಿರಬಹುದು. 2017ರ ಜುಲೈ 1ರಿಂದ ಜಾರಿಯಾದ ಜಿಎಸ್‌ಟಿಯಲ್ಲಿ ಇದಕ್ಕೆ ಬೇರೆಯೇ ನಿಯಮಗಳಿವೆ.

ರಾಜ್ಯದೊಳಗೆ ಮಾತ್ರ ಸರಕು ಮಾರುವವರಿಗೆ ಹೆಚ್ಚಿನ ರಾಜ್ಯಗಳಲ್ಲಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ನೋಂದಣಿ ಕಡ್ಡಾಯವಲ್ಲ. ತೆಲಂಗಾಣದಲ್ಲಿ ಈ ಮಿತಿ 20 ಲಕ್ಷ. ಆದರೆ ತೆರಿಗೆ ಬೀಳುವ ಸರಕನ್ನು ಹೊರರಾಜ್ಯಕ್ಕೆ ಮಾರುವುದಾದರೆ ವಹಿವಾಟು ಎಷ್ಟೇ ಕಡಿಮೆ ಇದ್ದರೂ ಸಾಮಾನ್ಯವಾಗಿ ನೋಂದಣಿ ಬೇಕು. ಕರಕುಶಲ ವಸ್ತುಗಳಂಥ ಕೆಲವಕ್ಕೆ ಮಾತ್ರ ವಿನಾಯಿತಿ ಇದೆ. ಸ್ವಂತ ಹೊಲದ ಬೆಳೆ ಮಾರುವ ರೈತರಿಗೆ ನೋಂದಣಿಯ ಗೊಡವೆ ಇಲ್ಲ. ಸೇವೆ ಒದಗಿಸುವವರು ಹೊರರಾಜ್ಯದ ಗಿರಾಕಿಗೆ ಕೆಲಸ ಮಾಡಿಕೊಟ್ಟರೂ 20 ಲಕ್ಷದವರೆಗೆ ನೋಂದಣಿ ಬೇಕಿಲ್ಲ.

ಕಾಂಪೊಸಿಷನ್ ಪದ್ಧತಿಯಲ್ಲಿ ಇರುವವರು ಇನ್ನೂ ಎಚ್ಚರವಾಗಿರಬೇಕು. ಅವರು ಹೊರರಾಜ್ಯದಿಂದ ಸರಕು ಕೊಳ್ಳಬಹುದು, ಆದರೆ ಹೊರರಾಜ್ಯಕ್ಕೆ ಮಾರುವಂತಿಲ್ಲ. ಅವರ ಬಿಲ್ಲಿನ ಮೇಲೆ ಕೊಂಡವರಿಗೆ ತೆರಿಗೆಯ ಜಮಾ ಸಿಗುವುದೂ ಇಲ್ಲ. ಹೀಗಾಗಿ ಗಡಿಯಾಚೆಯ ದೊಡ್ಡ ಆರ್ಡರ್ ನಂಬಿ ಬಳಗಕ್ಕೆ ಸೇರುವವರು ಮೊದಲು ತಮ್ಮ ಲೆಕ್ಕದವರನ್ನು ಕೇಳಿ ಸಾಮಾನ್ಯ ನೋಂದಣಿಗೆ ಬದಲಾಗಬೇಕೇ ಎಂದು ತೀರ್ಮಾನಿಸಬೇಕು. ರಾಜ್ಯದಿಂದ ರಾಜ್ಯಕ್ಕೆ ಹೋಗುವ ತೆರಿಗೆಯ ಸರಕಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಕೂಡ ಬೇಕು. ರಾಜ್ಯದೊಳಗಿನ ಮಿತಿ ಬೇರೆಯಾಗಿರಬಹುದು. ಅದನ್ನೇ ನಂಬಿ ಗಡಿ ದಾಟಿದ ಗಾಡಿ ದಾರಿಯಲ್ಲಿ ನಿಂತರೆ ಗಿರಾಕಿ, ಶಿಫಾರಸು ಎರಡೂ ಕೈಬಿಡುತ್ತವೆ.

ಬಾಕಿ ಹಣ ಬಾರದಿದ್ದರೆ

"ಬಳಗದವರು, ಹಣ ಎಲ್ಲಿ ಹೋಗುತ್ತದೆ" ಎಂದು ಬರಹ ಇಲ್ಲದೆ ಸರಕು ಕೊಡುವುದು ಸಾಮಾನ್ಯ ತಪ್ಪು. ಪರಿಚಯ ಗಿರಾಕಿಯನ್ನು ತರುತ್ತದೆಯೇ ಹೊರತು ಹಣಕ್ಕೆ ಜಾಮೀನು ಕೊಡುವುದಿಲ್ಲ. ದರ, ದಿನ, ಹಣ ಕೊಡುವ ಗಡುವು ಮೂರನ್ನೂ ಒಂದು ಹಾಳೆಯಲ್ಲಿ ಬರೆದು ಸಹಿ ಪಡೆಯಲು ನಾಚಬೇಕಿಲ್ಲ.

ಸಣ್ಣ ಉದ್ಯಮಿಗಳಿಗೆ 2006ರ ಎಂಎಸ್‌ಎಂಇ ಕಾಯ್ದೆಯ ಬೆಂಬಲವಿದೆ. ಉದ್ಯಮ್ ಪೋರ್ಟಲ್‌ನಲ್ಲಿ ಆಧಾರ್ ಮೂಲಕ ನೋಂದಣಿ 2020ರ ಜುಲೈ 1ರಿಂದ ಇದೆ. ಅದಕ್ಕೆ ಸರ್ಕಾರಿ ಶುಲ್ಕವಿಲ್ಲ. ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಘಟಕ ಸರಕು ಕೊಟ್ಟರೆ, ಒಪ್ಪಂದದಲ್ಲಿ ಏನೇ ಬರೆದಿದ್ದರೂ ಕೊಂಡವನು 45 ದಿನ ಮೀರುವಂತಿಲ್ಲ. ಬರಹದ ಒಪ್ಪಂದ ಇಲ್ಲದಿದ್ದರೆ ಗಡುವು 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳಬಹುದು. ಕೊಂಡವನು ಭಾರತದ ಯಾವ ರಾಜ್ಯದಲ್ಲೇ ಇದ್ದರೂ ಕೊಟ್ಟವನು ತನ್ನ ರಾಜ್ಯದ ಸೌಲಭ್ಯ ಮಂಡಳಿಗೇ ದೂರು ಕೊಡಬಹುದು ಎಂಬುದು ಗಡಿನಾಡಿನವರಿಗೆ ಬಹಳ ಮುಖ್ಯವಾದ ಅಂಶ. ಹೊಸೂರಿನ ಘಟಕ ಬೆಂಗಳೂರಿನ ಬಾಕಿಗಾಗಿ ಬೆಂಗಳೂರಿಗೆ ಅಲೆಯಬೇಕಿಲ್ಲ. ಆನ್‌ಲೈನ್ ಮೂಲಕವೂ ಅರ್ಜಿ ಹಾಕಬಹುದು. ಆದರೆ ನೋಂದಣಿ ಸರಕು ಕೊಡುವ ಮೊದಲೇ ಆಗಿರುವುದು ಕ್ಷೇಮ. ತಯಾರಕರಿಗೂ ಸೇವೆ ಕೊಡುವವರಿಗೂ ಇರುವ ಈ ರಕ್ಷಣೆ, ಕೊಂಡು ಮಾರುವ ವರ್ತಕರಿಗೆ ಇಲ್ಲ. ಅವರಿಗೆ 2021ರಿಂದ ಉದ್ಯಮ್ ನೋಂದಣಿ ಸಿಕ್ಕಿರುವುದು ಬ್ಯಾಂಕ್ ಸಾಲದ ಆದ್ಯತೆಗೆ ಮಾತ್ರ.

ಎಚ್ಚರ ಬೇಕಾದ ಕಡೆ

ವ್ಯಾಪಾರ ಬಳಗದ ವೇಷದಲ್ಲಿ ಬೇರೆ ವ್ಯವಹಾರಗಳೂ ಬರುತ್ತವೆ. ಸರಕು ಮಾರುವುದಕ್ಕಿಂತ ಹೊಸ ಸದಸ್ಯರನ್ನು ಸೇರಿಸಿದ್ದಕ್ಕೆ ಹಣ ಸಿಗುತ್ತದೆ ಎಂದರೆ ಅದು ಬಳಗವಲ್ಲ, ಸರಪಳಿ ಯೋಜನೆ. ಇಂಥ ಹಣ ಚಲಾವಣೆ ಯೋಜನೆಗಳನ್ನು 1978ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಸೇರುವುದೂ ಅಪರಾಧವೇ. ಸದಸ್ಯರೊಳಗೆ ಚೀಟಿ ನಡೆಸುವ ಪ್ರಸ್ತಾಪ ಬಂದರೆ 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿ ಇದೆಯೇ ಎಂದು ಮೊದಲು ಕೇಳಬೇಕು.

ಇನ್ನೊಂದು, ದರದ ವಿಷಯ. ಒಂದೇ ಕಸುಬಿನವರು ಕೂಡಿ "ಇಷ್ಟಕ್ಕಿಂತ ಕಡಿಮೆಗೆ ಯಾರೂ ಮಾರಬಾರದು" ಎಂದು ನಿರ್ಣಯ ಮಾಡುವುದು 2002ರ ಸ್ಪರ್ಧಾ ಕಾಯ್ದೆಗೆ ವಿರುದ್ಧ. ಸಂಘದ ಮೇಲೂ ಸದಸ್ಯರ ಮೇಲೂ ದಂಡ ಬೀಳಬಹುದು. ಟೆಂಡರಿಗೆ ಯಾರು ಎಷ್ಟು ಹಾಕಬೇಕೆಂದು ಮಾತಾಡಿಕೊಳ್ಳುವುದೂ ಹಾಗೆಯೇ.

ಜಾತಿ, ಪಕ್ಷ, ಭಾಷೆಯ ಜಗಳ ಬಳಗದೊಳಗೆ ಬಂದರೆ ಮೊದಲು ನಷ್ಟವಾಗುವುದು ಗಡಿನಾಡಿನವರಿಗೆ. ಎರಡೂ ಕಡೆ ಗಿರಾಕಿಗಳಿರುವ ಅಂಗಡಿಗೆ ಒಂದು ಕಡೆಯ ಬಾಗಿಲು ಮುಚ್ಚುವುದೆಂದರೆ ಅರ್ಧ ವ್ಯಾಪಾರ ನಿಂತಂತೆ. ವಾಟ್ಸಾಪ್ ಗುಂಪಿನಲ್ಲಿ ವ್ಯಾಪಾರದ ಮಾತು ಬಿಟ್ಟು ಬೇರೆಯದನ್ನು ಹಾಕಬಾರದು ಎಂಬ ನಿಯಮ ಮೊದಲ ದಿನವೇ ಇರಬೇಕು.

ಬಳಗ ಇಲ್ಲದ ಊರಿನಲ್ಲಿ

ಎಲ್ಲ ತಾಲೂಕಿನಲ್ಲೂ ದೊಡ್ಡ ಸಂಸ್ಥೆಯ ಶಾಖೆ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಹತ್ತು-ಹನ್ನೆರಡು ಜನ ಸೇರಿದರೆ ಸಾಕು. ಒಂದೊಂದು ಕಸುಬಿಗೆ ಒಬ್ಬರಂತೆ ಆರಿಸಿ, ಗಡಿಯ ಎರಡೂ ಕಡೆಯವರನ್ನು ಅರ್ಧರ್ಧ ಸೇರಿಸಿ, ಸಂತೆಯ ದಿನ ಬೆಳಿಗ್ಗೆ ಒಂದು ಹೋಟೆಲಿನಲ್ಲೋ ಸಹಕಾರ ಸಂಘದ ಕೋಣೆಯಲ್ಲೋ ಒಂದು ತಾಸು ಕೂಡಬಹುದು. ರೋಟರಿಯ ಮೊದಲ ದಿನಗಳಂತೆ ಸರದಿಯ ಮೇಲೆ ಒಬ್ಬೊಬ್ಬರ ಅಂಗಡಿಯಲ್ಲಿ ಸೇರಿದರೆ ಖರ್ಚೂ ಇಲ್ಲ, ಒಬ್ಬರ ಕೆಲಸ ಇನ್ನೊಬ್ಬರು ನೋಡಿದಂತೆಯೂ ಆಗುತ್ತದೆ. ಚಹಾದ ಖರ್ಚನ್ನು ಹಂಚಿಕೊಳ್ಳುವುದು, ಒಬ್ಬರು ನೋಟ್‌ಬುಕ್ಕಿನಲ್ಲಿ ಶಿಫಾರಸು ಬರೆದಿಡುವುದು, ಆರು ತಿಂಗಳಿಗೊಮ್ಮೆ ಲೆಕ್ಕ ಓದುವುದು, ಇಷ್ಟೇ ನಿಯಮ ಸಾಕು. ಹಣ ಸಂಗ್ರಹಿಸಿ ಠೇವಣಿ ಇಡುವ ಹಂತ ಬಂದರೆ ಮಾತ್ರ ಆಯಾ ರಾಜ್ಯದ ಕಾಯ್ದೆಯಡಿ ಸಂಘವನ್ನು ನೋಂದಾಯಿಸಿ, ಇಬ್ಬರ ಸಹಿಯ ಬ್ಯಾಂಕ್ ಖಾತೆ ತೆರೆಯಬೇಕು.

ಮೊದಲ ಮೂರು ತಿಂಗಳಲ್ಲಿ ಹೆಚ್ಚು ಫಲ ಕಾಣದಿರಬಹುದು. ಒಬ್ಬರ ಕೆಲಸದ ಮೇಲೆ ಇನ್ನೊಬ್ಬರಿಗೆ ನಂಬಿಕೆ ಹುಟ್ಟಲು ಅಷ್ಟು ಕಾಲ ಬೇಕು. ಒಂದು ವರ್ಷ ಪೂರ್ತಿ ಹಾಜರಾಗಿ, ಪಡೆದದ್ದಕ್ಕಿಂತ ಹೆಚ್ಚು ಕೊಟ್ಟೂ ನೋಟ್‌ಬುಕ್ಕಿನ ನಾಲ್ಕನೇ ಕಾಲಂ ಖಾಲಿಯೇ ಉಳಿದಿದ್ದರೆ ಗುಂಪು ಬದಲಿಸುವುದು ಸರಿ. ಆದರೆ ಆ ವರ್ಷದಲ್ಲಿ ಸಿಕ್ಕ ಗಡಿಯಾಚೆಯ ಪರಿಚಯಗಳನ್ನು ಬಿಡಬಾರದು. ಹಬ್ಬಕ್ಕೊಂದು ಫೋನ್, ಸಂತೆಗೆ ಹೋದಾಗ ಒಂದು ಭೇಟಿ ಇದ್ದರೆ ಆ ಪರಿಚಯ ಇನ್ನೂ ಹತ್ತು ವರ್ಷ ಕೆಲಸ ಮಾಡುತ್ತದೆ.